ಬಸ್ತಿಯ ಒಬ್ಬ ಹುಡುಗ

ತೋಷಿಗೆ ತಮ್ಮನ ಮುಖ ಮರೆತುಹೋಗಿತ್ತು. ಹೆಸರು ನೆನಪಿತ್ತು, ದನಿ ನೆನಪಿತ್ತು, ಊಟಕ್ಕೆ ಕೂತರೆ ಎಡಗಾಲು ಅಲ್ಲಾಡಿಸುವ ಅವನ ಚಾಳಿ ನೆನಪಿತ್ತು. ಮುಖ ಮಾತ್ರ ಇಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಆಸ್ಪತ್ರೆಯ ಮುಖ. ಹಲ್ಲು ಕಚ್ಚಿಕೊಂಡು, ತುಟಿಗಳು ಎರಡೂ ಕಡೆ ಎಳೆದುಕೊಂಡು, ನಗುವಂತೆ ಕಾಣುವ ಮುಖ. ಅದು ನಗುವಲ್ಲ. ಧನುರ್ವಾಯು ಬಂದವರ ಮುಖ ಹಾಗಾಗುತ್ತದೆ. ಆ ಮುಖ ಬಂದು ಹಿಂದಿನದನ್ನೆಲ್ಲ ನುಂಗಿಹಾಕಿತ್ತು. ಮನೆಯಲ್ಲಿ ಫೋಟೋ ಒಂದೂ ಇರಲಿಲ್ಲ. ಜಲಂಧರಿನ ಆ ಬಸ್ತಿಯಲ್ಲಿ ಆಗ ಫೋಟೋ ತೆಗೆಸುತ್ತಿದ್ದದ್ದು ಮದುವೆಗೆ ಮಾತ್ರ. ನಿಕ್ಕು ಎಂಟು ವರ್ಷಕ್ಕೆ ಸತ್ತ.

ಬಸ್ತಿಯವರು ಮೇಘ ಎಂಬ ದಲಿತ ಜಾತಿಯವರು. ದೇಶ ಒಡೆದಾಗ ಸಿಯಾಲ್‌ಕೋಟಿನಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದವರ ಮಕ್ಕಳು, ಮೊಮ್ಮಕ್ಕಳು. ಊರಿನ ವ್ಯಾಪಾರಿ ಲಾಲಾಗಳು ಚರ್ಮ ಕೊಟ್ಟರು, ಇವರು ಫುಟ್‌ಬಾಲ್ ಹೊಲಿದರು. ಚೆಂಡು ಹಡಗು ಹತ್ತಿತು. ಲಾಲಾಗಳ ಮನೆಗೆ ಮಹಡಿ ಏರಿತು. ಬಸ್ತಿಯವರಿಗೆ ಸೂಜಿ ಉಳಿಯಿತು. ಲಾಲಾಗಳ ಚೆಂಡಿನ ಕಂಪನಿಯ ಅಂಗಳದಲ್ಲಿ ಅವರಿಗೆ ನೀರು ಕುಡಿಯಲು ಬೇರೆ ಲೋಟ ಇತ್ತು. ಕುಡಿದು, ತೊಳೆದು, ಬೋರಲು ಹಾಕಿ ಬರಬೇಕಿತ್ತು.

ತೋಷಿ ಆರನೇ ವಯಸ್ಸಿಗೆ ಹೊಲಿಗೆಗೆ ಕೂತಳು. ಮಂಡಿಗಳ ನಡುವೆ ಮರದ ಇಕ್ಕಳ. ಅದರ ಬಾಯಲ್ಲಿ ಎರಡು ತುಂಡು ಚರ್ಮ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ತೂರಿಸಬೇಕು. ಆಮೇಲೆ ಎರಡೂ ಕೈ ಅಗಲಿಸಿ, ಭುಜ ಕಳಚುವಂತೆ ಎಳೆಯಬೇಕು. ಮೇಣ ಹಚ್ಚಿದ ದಾರ ಬೆರಳು ಕೊಯ್ಯುತ್ತದೆ. ಕೊಯ್ದ ಜಾಗವನ್ನೇ ಮತ್ತೆ ಕೊಯ್ಯುತ್ತದೆ. ಬಿಳಿ ಚರ್ಮಕ್ಕೆ ರಕ್ತ ತಾಗಿದರೆ ಆ ಚೆಂಡಿನ ಕೂಲಿ ಹೋಯಿತು. ಅದಕ್ಕೇ ಮಕ್ಕಳು ಬೆರಳು ಕೊಯ್ದರೆ ಅಳುತ್ತಿರಲಿಲ್ಲ, ಮೊದಲು ಬಾಯಿಗಿಟ್ಟು ಚೀಪುತ್ತಿದ್ದರು. ತೋಷಿಯ ಪಕ್ಕದಲ್ಲೇ ನಿಕ್ಕುವೂ ಕೂತ. ಅಪ್ಪನಿಗೆ ಚರ್ಮದ ದೂಳು ಎದೆ ಹೊಕ್ಕು ಕೆಮ್ಮು ಹತ್ತಿತ್ತು. ಬೀಜೀ, ಅಂದರೆ ಅಮ್ಮ, ಒಬ್ಬಳ ಕೈಯಲ್ಲಿ ಒಲೆ ಉರಿಯುತ್ತಿರಲಿಲ್ಲ.

ಆ ಮಕ್ಕಳು ಒಂದು ಚೆಂಡನ್ನೂ ಒದ್ದಿರಲಿಲ್ಲ. ಮನೆಯಿಂದ ಹೋಗುವಾಗ ಚೆಂಡಿಗೆ ಗಾಳಿ ಇರುತ್ತಿರಲಿಲ್ಲ. ಮುದುಡಿದ ಚರ್ಮದ ಚೀಲ ಅಷ್ಟೆ. ಅದು ದುಂಡಗಾಗುತ್ತಿದ್ದದ್ದು ಕಂಪನಿಯ ಒಳಗೆ.

ಈಗ ಹೊಲಿಗೆಯ ಕೆಲಸವೂ ಇಲ್ಲ. ಯಂತ್ರ ಬಂದವು. ತೋಷಿ ಮದುವೆ ಛತ್ರವೊಂದರಲ್ಲಿ ಪಾತ್ರೆ ತಿಕ್ಕುತ್ತಾಳೆ. ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ. ತಟ್ಟೆ ಹಿಡಿದರೂ ಸೂಜಿ ಹಿಡಿದ ಹಾಗೇ ಕಾಣುತ್ತದೆ.

ಚಳಿ ಇಳಿಯುತ್ತಿದ್ದ ದಿನಗಳಲ್ಲಿ ಮಗಳು ಮನ್ನತ್‌ಳ ಶಾಲೆಯವರು ಮಕ್ಕಳನ್ನು ಬಚಪನ್ ಘರ್‌ಗೆ ಕರೆದುಕೊಂಡು ಹೊರಟರು. ಬಾಲ್ಯದ ಮನೆ ಎಂದು ಹೆಸರಿಟ್ಟು ಹೊಸದಾಗಿ ತೆರೆದ ಮ್ಯೂಸಿಯಂ ಅದು. ಮಕ್ಕಳ ಬಾಲ್ಯ, ಆಟಿಕೆ, ಊರಿನ ಎಲ್ಲ ಜಾತಿ ಜನಾಂಗದವರ ಬದುಕು, ಎಲ್ಲ ಅಲ್ಲಿದೆಯಂತೆ. ಮಕ್ಕಳು ಜಾಸ್ತಿ, ಟೀಚರ್ ಒಬ್ಬರೇ. ನಾಲ್ಕು ಜನ ತಾಯಂದಿರು ಜೊತೆಗೆ ಬನ್ನಿ ಎಂದರು. ತೋಷಿ ಒಂದು ಹೊತ್ತಿನ ರಜೆ ಕೇಳಿ ಹೋದಳು.

ಬಸ್ಸಿಳಿದ ಕೂಡಲೇ ಜಾಗ ಗುರುತು ಸಿಕ್ಕಿತು. ಅದು ಕಂಪನಿಯ ಹಳೆಯ ಗೋದಾಮು. ಗೋಡೆಗೆ ಹಳದಿ ಬಣ್ಣ ಬಳಿದಿದ್ದರು. ಚೆಂಡು ತೂಗುತ್ತಿದ್ದ ಕಡೆ ಟಿಕೆಟ್ ಕೊಡುತ್ತಿದ್ದರು. ಚಪ್ಪಲಿ ಹೊರಗೆ ಬಿಡಿ ಎಂದಾಗ ತೋಷಿಗೆ ನಗು ಬಂತು. ಮೊದಲೂ ಇಲ್ಲೇ ಬಿಡುತ್ತಿದ್ದೆವು ಎಂದು ಮಗಳ ಕಿವಿಯಲ್ಲಿ ಹೇಳಿದಳು.

ಒಳಗೆ ಗಾಜಿನ ಪೆಟ್ಟಿಗೆಗಳು. ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆ, ಕೀಲಿ ಕೊಟ್ಟರೆ ಓಡುವ ತಗಡಿನ ರೈಲು, ಬಾಲಕ್ಕೆ ನಿಜವಾದ ಕೂದಲಿದ್ದ ಮರದ ಕುದುರೆ. ಲಾಲಾಗಳ ಹವೇಲಿಗಳಿಂದ ಬಂದವು. ಮನ್ನತ್ ಗಾಜಿಗೆ ಮೂಗು ಒತ್ತಿ ನೋಡಿದಳು. ಇನ್ನೊಂದು ಕೋಣೆಯಲ್ಲಿ ಬಸ್ತಿಗಳ ಸಾಮಾನು. ಮಣ್ಣಿನ ಒಲೆ, ನೂಲುವ ಚರಕ, ಚಿಂದಿಯ ಗೊಂಬೆ, ಬಿದಿರಿನ ಬುಟ್ಟಿ. ನಮ್ಮ ಮನೆಯ ಒಲೇನೂ ಇಲ್ಲಿ ಬಂದು ಕೂತಿದೆ ನೋಡು ಎಂದು ಇನ್ನೊಬ್ಬ ತಾಯಿ ನಕ್ಕಳು. ಎಲ್ಲರೂ ನಕ್ಕರು.

ಕೊನೆಯ ಹಾಲ್‌ಗೆ ಕಾಲಿಟ್ಟಾಗ ತೋಷಿ ನಿಂತುಬಿಟ್ಟಳು.

ಎದುರಿನ ಗೋಡೆಯ ತುಂಬ ಒಂದು ಫೋಟೋ. ಹುಲ್ಲಿನ ಮೇಲೆ ಒಬ್ಬ ಹುಡುಗ ಚೆಂಡನ್ನು ಎದೆಗೆ ಅವಚಿಕೊಂಡು ನಗುತ್ತಿದ್ದ. ಮುಂದಿನ ಹಲ್ಲು ಒಂದಿಲ್ಲ. ಕಣ್ಣು ನಗುವಿನಲ್ಲಿ ಮುಚ್ಚಿಹೋಗಿವೆ. ತೋಷಿ ಮೊದಲು ಮುಖ ನೋಡಲಿಲ್ಲ. ಚೆಂಡನ್ನು ಹಿಡಿದ ಕೈ ನೋಡಿದಳು. ಹೆಬ್ಬೆರಳಿಗೆ ಹಸಿರು ಬಟ್ಟೆ ಸುತ್ತಿತ್ತು. ಅದು ಅವಳ ದುಪಟ್ಟಾದ ಚೂರು. ಅವಳೇ ಹರಿದು ಸುತ್ತಿದ್ದು.

ಅಲ್ಲಿಂದ ಕಣ್ಣು ಮೇಲೆ ಹೋಯಿತು. ಮೂವತ್ತು ವರ್ಷ ಸಿಗದಿದ್ದ ಮುಖ ಸಿಕ್ಕಿತು.

ಅವಳು ಗೋಡೆ ಹಿಡಿದು ಕೂತಳು. ಮನ್ನತ್ ಹೆದರಿ, "ಮಮ್ಮೀ, ಏನಾಯ್ತು?" ಅಂದಳು. ತೋಷಿ ಫೋಟೋದ ಕೆಳಗಿನ ಅಕ್ಷರಗಳನ್ನು ತೋರಿಸಿ ಅಲ್ಲೇನು ಬರೆದಿದೆ ಓದು ಎಂದಳು. ಮಗಳು ಬೆರಳಿಟ್ಟು ಓದಿದಳು. "ಚೆಂಡಿನ ಊರಿನ ಬಾಲ್ಯ. ಬಸ್ತಿಯ ಒಬ್ಬ ಹುಡುಗ ತನ್ನ ಪ್ರೀತಿಯ ಆಟಿಕೆಯೊಂದಿಗೆ."

"ಹೆಸರು?"

"ಹೆಸರು ಇಲ್ಲ, ಮಮ್ಮೀ."

ಆ ಫೋಟೋ ತೆಗೆದ ದಿನ ತೋಷಿ ಅಲ್ಲೇ ಇದ್ದಳು. ಮಕ್ಕಳ ಕೈಯಲ್ಲಿ ಚೆಂಡು ಹೊಲಿಸುತ್ತಾರೆ ಎಂದು ಹೊರದೇಶಗಳಲ್ಲಿ ಗಲಾಟೆ ಎದ್ದಿತ್ತು. ನೋಡಿಕೊಂಡು ಹೋಗಲು ಬಿಳಿಯರು ಬರುವವರಿದ್ದರು. ಕಂಪನಿಯ ಚರ್ಮ ತಂದು ಮನೆಮನೆಗೆ ಹಂಚುತ್ತಿದ್ದ ಠೇಕೇದಾರ ಸೋಂಧಿ ಬಸ್ತಿಗೆ ಬಂದು, ಇಲ್ಲಿ ಮಕ್ಕಳು ಹೊಲಿಯುವುದಿಲ್ಲ, ಆಡುತ್ತಾರೆ ಎಂದು ತೋರಿಸಬೇಕು, ಚೂಟಿಯಾಗಿ ಕಾಣುವ ಹುಡುಗರನ್ನು ಕಳಿಸಿ ಎಂದ. ನಿಕ್ಕುವಿಗೆ ಮೈ ತೊಳೆಸಿ, ಪಟ್ಟೆ ಅಂಗಿ ಹಾಕಿಸಿ, ಕಂಪನಿಯ ಹುಲ್ಲಿನ ಮೇಲೆ ನಿಲ್ಲಿಸಿದರು. ಗಾಳಿ ತುಂಬಿದ ಚೆಂಡು ಕೊಟ್ಟರು. ನಿಕ್ಕು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಇದು ನಾನೇ ಹೊಲಿದದ್ದು ಅಕ್ಕಾ ಎಂದು ದೂರದಿಂದಲೇ ಕೂಗಿದ. ಹೊಲಿಗೆಯಲ್ಲಿ ಅವನಿಗೆ ತನ್ನ ಕೈ ಗೊತ್ತಿತ್ತು. ಫೋಟೋದವನು ಒದಿ ಅಂದ. ಒದ್ದ. ಚೆಂಡು ಹಾರಿತು. ಅದು ಅಷ್ಟು ಹಗುರ ಎಂದು ಅವನಿಗೆ ಗೊತ್ತಿರಲಿಲ್ಲ. ಓಡಿಹೋಗಿ ಹಿಡಿದು ಎದೆಗೆ ಅವಚಿಕೊಂಡ, ಆಗಲೇ ಆ ನಗು. ಯಾರೂ ಹೇಳಿಕೊಟ್ಟ ನಗುವಲ್ಲ ಅದು.

ಬಿಳಿಯರು ಹೋದ ಮೇಲೆ ಸೋಂಧಿ ಚೆಂಡು ಕಿತ್ತುಕೊಂಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿ ಬಿಟ್ಟು, ಪೆಟ್ಟಿಗೆಗೆ ಹಾಕಿದ. ಅಂಗಿಯನ್ನೂ ಬಿಚ್ಚಿಸಿಕೊಂಡ. ನಿಕ್ಕು ಬರಿಮೈಯಲ್ಲಿ ಮನೆಗೆ ಬಂದ.

ಆಮೇಲೆ ಅವನು ಹೊಲಿಗೆಗೆ ಕೂರಲಿಲ್ಲ. ಕೂತರೂ ಕೈ ಓಡಲಿಲ್ಲ. ಒಂದು ದಿನ ಹೊಲಿದಿಟ್ಟ ಚೆಂಡೊಂದನ್ನು ಅಂಗಿಯೊಳಗೆ ತುರುಕಿಕೊಂಡು ಸೈಕಲ್ ಅಂಗಡಿಗೆ ಓಡಿದ. ಪಂಪಿನಲ್ಲಿ ಗಾಳಿ ಹೊಡೆಸಿದ. ರೈಲು ಹಳಿಯ ಪಕ್ಕದ ಬಯಲಲ್ಲಿ ಬಸ್ತಿಯ ಹುಡುಗರೆಲ್ಲ ಸೇರಿ ಒದ್ದರು. ಕತ್ತಲಾಗುವುದರೊಳಗೆ ಸೋಂಧಿಗೆ ಸುದ್ದಿ ಮುಟ್ಟಿತು.

ಮರುದಿನ ಬೆಳಿಗ್ಗೆ ಬಸ್ತಿಯ ನಡುವೆ ನಿಕ್ಕುವನ್ನು ಬಗ್ಗಿಸಿ, ಕಾಲ ಸಂದಿಯಿಂದ ಕಿವಿ ಹಿಡಿಸಿ ನಿಲ್ಲಿಸಿದ. ಬೆನ್ನ ಮೇಲೆ ಅದೇ ಚೆಂಡು. ಬೀಳಿಸಿದರೆ ಏಟು. ಬಿತ್ತು. ಸೋಂಧಿ ಹೊಲಿಗೆಯ ಇಕ್ಕಳವನ್ನೇ ಎತ್ತಿಕೊಂಡ. ಕಳ್ಳ ಜಾತಿ, ಹುಟ್ಟುತ್ತಲೇ ಕದಿಯುವ ಬುದ್ಧಿ ಕಲಿತಿರುತ್ತವೆ ಎಂದು ಬೈಯುತ್ತ ಬೆರಳಿನ ಗೆಣ್ಣಿಗೆ ಹೊಡೆದ. ಬೀಜೀ ಅವನ ಕಾಲು ಹಿಡಿದಳು. ಅಪ್ಪ ಕೆಮ್ಮುತ್ತ ನಿಂತಿದ್ದ. ಬಸ್ತಿಯೆಲ್ಲ ನಿಂತಿತ್ತು. ಎಲ್ಲರ ಮನೆಯ ಒಲೆಯೂ ಸೋಂಧಿಯ ಕೈಯಲ್ಲಿತ್ತು.

ಬೆರಳು ಒಡೆದವು. ಮಣ್ಣು ತಾಗಿತು. ಅರಿಸಿನ ಕಟ್ಟಿದರು. ವಾರ ಕಳೆಯುವಷ್ಟರಲ್ಲಿ ನಿಕ್ಕುವಿಗೆ ಬಾಯಿ ತೆರೆಯಲಾಗಲಿಲ್ಲ. ಮೈ ಬಿಲ್ಲಿನಂತೆ ಬಾಗಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಂಚ ಸಿಗಲಿಲ್ಲ. ವರಾಂಡದ ನೆಲದ ಮೇಲೆ, ಜನ ದಾಟಿಕೊಂಡು ಓಡಾಡುತ್ತಿದ್ದ ಕಡೆ, ಆ ಸುಳ್ಳು ನಗು ಹೊತ್ತುಕೊಂಡು ಸತ್ತ. ಬೀಜೀ ಮೂರನೆಯ ದಿನ ಮತ್ತೆ ಹೊಲಿಗೆಗೆ ಕೂತಳು.

ತೋಷಿ ನೆಲದ ಮೇಲೆ ಕೂತು ಅಳುತ್ತಿರುವುದನ್ನು ಕಂಡು ಮ್ಯೂಸಿಯಂನ ಮ್ಯಾಡಮ್ ಓಡಿಬಂದಳು. ಹೆಸರು ನಂದಿತಾ. ಕಂಪನಿ ಕಟ್ಟಿದ ಲಾಲಾನ ಮೊಮ್ಮಗನ ಹೆಂಡತಿ. ಈ ಮ್ಯೂಸಿಯಂ ಮಾಡಿಸಿದವಳು ಅವಳೇ. ಕೆಟ್ಟವಳಲ್ಲ. ತೋಷಿಯ ಪಕ್ಕ ನೆಲದ ಮೇಲೆ ಕೂತಳು. ತನ್ನ ಬಾಟಲಿಯ ನೀರು ಕೊಟ್ಟಳು. ಆ ಹುಡುಗ ನನ್ನ ತಮ್ಮ ಎಂದು ತೋಷಿ ಹೇಳಿದಾಗ ಅವಳ ಕಣ್ಣಲ್ಲೂ ನೀರು ಬಂತು. ಎಷ್ಟು ಹುಡುಕಿಸಿದೆವು, ಯಾರೆಂದು ಗೊತ್ತಾಗಲೇ ಇಲ್ಲ ಎಂದಳು. ಈಗೆಲ್ಲಿದ್ದಾನೆ ಎಂದು ಕೇಳಿದಳು. ಇಲ್ಲ, ಹೋದ, ಎಂದಷ್ಟೇ ತೋಷಿ ಹೇಳಿದಳು.

"ನನಗೆ ಇದರದ್ದೊಂದು ಕಾಪಿ ಕೊಡಿ, ಮ್ಯಾಡಮ್," ಅಂದಳು. "ಚಿಕ್ಕದಾದ್ರೂ ಪರವಾಗಿಲ್ಲ. ನಮ್ಮಲ್ಲಿ ಇವನ ಮುಖ ಇಲ್ಲ."

ಖಂಡಿತ ಕೊಡುತ್ತೇನೆ ಎಂದಳು ನಂದಿತಾ. ಭಾನುವಾರ ದೊಡ್ಡ ಕಾರ್ಯಕ್ರಮ ಇದೆ, ಮನೆಯ ಹಿರಿಯರೆಲ್ಲ ಬರುತ್ತಾರೆ, ಕಟ್ಟು ಹಾಕಿಸಿ ಎಲ್ಲರ ಮುಂದೆ ನಿಮ್ಮ ಕೈಗೇ ಕೊಡುತ್ತೇನೆ. ನೀವು ಬಂದು ತಮ್ಮನ ಬಗ್ಗೆ ಎರಡು ಮಾತಾಡಬೇಕು. ಮಕ್ಕಳಿಗೆ ಚೆಂಡು ಹೊಲಿಯುವುದನ್ನೂ ತೋರಿಸಿ. ನಮ್ಮ ಊರಿನ ಕೈಕೆಲಸ ಅದು, ಮರೆತುಹೋಗಬಾರದು.

ಮನೆಯಲ್ಲಿ ಗಂಡ ಗುರ್ಮೇಜ್ ಎಲ್ಲ ಕೇಳಿಸಿಕೊಂಡ. ರಿಕ್ಷಾ ಓಡಿಸುವವನು, ಮಾತು ಕಡಿಮೆ. "ಹೋಗು," ಅಂದ. "ಖುಷಿಯಾಗಿದ್ದ, ಚೆನ್ನಾಗಿ ಆಡ್ತಿದ್ದ ಅನ್ನು. ಫೋಟೋ ತಗೊಂಡು ಬಾ. ಸತ್ತವನಿಗೆ ಸುಳ್ಳಿಂದ ನೋವಾಗಲ್ಲ."

"ನನಗೆ?"

ಅವನು ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದ.

ತೋಷಿ ಎರಡು ದಿನ ಪಾತ್ರೆ ತಿಕ್ಕುತ್ತ ಆ ಮಾತುಗಳನ್ನು ಬಾಯಿಪಾಠ ಮಾಡಿದಳು. ಖುಷಿಯಾಗಿದ್ದ. ಚೆನ್ನಾಗಿ ಆಡ್ತಿದ್ದ. ಅವಳಿಗೆ ಫೋಟೋ ಬೇಕಿತ್ತು. ಬೀಜೀ ಸಾಯುವ ಮುಂಚೆ, ನಿಕ್ಕು ಯಾರ ಹಾಗಿದ್ದ ಹೇಳೇ, ನನ್ನ ಹಾಗಾ ನಿಮ್ಮಪ್ಪನ ಹಾಗಾ ಎಂದು ಕೇಳಿದ್ದಳು. ತೋಷಿಗೆ ಹೇಳಲಾಗಿರಲಿಲ್ಲ.

ಭಾನುವಾರ ಹಾಲ್ ತುಂಬಿತ್ತು. ಸೂಟು ಹಾಕಿದ ಗಂಡಸರು, ಶಾಲು ಹೊದ್ದ ಹೆಂಗಸರು, ಒಳ್ಳೆಯ ಶೂ ಹಾಕಿದ ಮಕ್ಕಳು. ಅವರ ಶೂ ಯಾರೂ ಬಿಚ್ಚಿಸಿರಲಿಲ್ಲ. ಲಾಲಾನ ಮಗ, ಈಗ ಕಂಪನಿಯ ಯಜಮಾನ, ಮುಂದಿನ ಸಾಲಿನಲ್ಲಿದ್ದ. ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಕಟ್ಟು. ತೋಷಿಗೆ ಗೋಡೆಯ ನಿಕ್ಕುವಿನ ಕೆಳಗೆ ಕೆಂಪು ಜಮಖಾನ ಹಾಸಿದ್ದರು. ಮುಂದೆ ಮರದ ಇಕ್ಕಳ, ಚರ್ಮ, ಮೇಣದ ದಾರ. ಕೂತಳು. ಎಷ್ಟೋ ವರ್ಷದ ಮೇಲೆ ಮಂಡಿಗಳ ನಡುವೆ ಇಕ್ಕಳ ಬಂತು. ತೊಡೆ ತಾನಾಗಿ ಬಿಗಿಯಿತು. ಕೈ ಓಡಿತು. ಜನ ಫೋನು ಎತ್ತಿ ಹಿಡಿದರು.

ಯಾರು ಹೊಲಿದು ನೋಡುತ್ತೀರಿ ಎಂದು ನಂದಿತಾ ಮಕ್ಕಳನ್ನು ಕೇಳಿದಳು. ದುಂಡಗಿನ ಕೆನ್ನೆಯ ಒಬ್ಬ ಹುಡುಗ ಎದ್ದು ಬಂದ. ಎಂಟು ವರ್ಷ ಇರಬೇಕು. ತೋಷಿಯ ಪಕ್ಕ ಕೂತ. ಅವಳು ಅವನ ಮಂಡಿಗೆ ಇಕ್ಕಳ ಇಟ್ಟಳು, ಸೂಜಿ ಕೊಟ್ಟಳು, ಮೆಲ್ಲಗೆ ಎಳಿ ಪುತ್ತರ್ ಎಂದಳು. ಹುಡುಗ ಉತ್ಸಾಹದಲ್ಲಿ ಜೋರಾಗಿ ಎಳೆದ. ದಾರ ಬೆರಳು ಕೊಯ್ದಿತು.

ಒಂದು ಹನಿ ರಕ್ತ. ಹುಡುಗ ಕಿರುಚಿದ. ಇಡೀ ಹಾಲ್ ಎದ್ದು ನಿಂತಿತು. ತಾಯಿ ಕುರ್ಚಿ ಬೀಳಿಸಿಕೊಂಡು ಓಡಿಬಂದಳು. ಯಾರೋ ಔಷಧಿ ಪೆಟ್ಟಿಗೆ ತಂದರು, ಯಾರೋ ಡಾಕ್ಟರಿಗೆ ಫೋನು ಮಾಡಿದರು. ತಾಯಿ ಮಗನ ಬೆರಳು ಹಿಡಿದು ತೋಷಿಯ ಕಡೆ ತಿರುಗಿದಳು.

"ಇಷ್ಟು ಚಿಕ್ಕ ಮಗು ಕೈಗೆ ಯಾರಾದ್ರೂ ಸೂಜಿ ಕೊಡ್ತಾರಾ?"

ತೋಷಿ ಇಕ್ಕಳವನ್ನು ಜಮಖಾನದ ಮೇಲೆ ಇಟ್ಟಳು. ಎದ್ದಳು. ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ.

"ಕೊಡ್ತಾರೆ, ಬೀಬಿ," ಅಂದಳು. "ಇವರೇ ಕೊಟ್ರು. ನನಗೆ ಕೊಟ್ರು. ಅವನಿಗೆ ಕೊಟ್ರು."

ಗೋಡೆಯ ಕಡೆ ಕೈ ತೋರಿಸಿದಳು. ಅವನ ಹೆಬ್ಬೆರಳು ನೋಡಿ ಎಂದಳು. ಆಟ ಆಡುವ ಹುಡುಗನ ಬೆರಳಿಗೆ ಯಾಕೆ ಬಟ್ಟೆ ಸುತ್ತಿದೆ ಎಂದು ಇಷ್ಟು ದಿನ ಯಾರಾದರೂ ಕೇಳಿದಿರಾ ಎಂದಳು. ಆಮೇಲೆ ಎಲ್ಲ ಹೇಳಿದಳು. ಅಳಲಿಲ್ಲ. ದನಿ ಏರಿಸಲಿಲ್ಲ. ಹುಲ್ಲಿನ ಮೇಲೆ ಒಂದು ಸಲ ಒದೆಸಿದ್ದು, ಪಟ್ಟೆ ಅಂಗಿ ಬಿಚ್ಚಿಸಿಕೊಂಡದ್ದು, ಬೆನ್ನ ಮೇಲೆ ಚೆಂಡು, ಇಕ್ಕಳದ ಏಟು, ಆಸ್ಪತ್ರೆಯ ನೆಲ. ನಡುವೆ ಯಾರೋ ಮೈಕು ಆರಿಸಿದರು. ಅವಳಿಗೆ ಮೈಕು ಬೇಕಿರಲಿಲ್ಲ. ಹಾಲ್ ಅಷ್ಟು ಸುಮ್ಮನಿತ್ತು.

ಲಾಲಾನ ಮಗ ಮುಂದೆ ಬಂದ. ಅದೆಲ್ಲ ಠೇಕೇದಾರರ ಕೆಲಸ, ಕಂಪನಿಗೆ ಗೊತ್ತೇ ಇರಲಿಲ್ಲ, ಆ ಸೋಂಧಿ ಸತ್ತು ಎಷ್ಟೋ ವರ್ಷವಾಯಿತು ಎಂದ. ಈಗ ಹಳೆಯದನ್ನು ಕೆದಕಿ ಏನು ಸಿಗುತ್ತದೆ ಭೈಣ್‌ಜೀ ಎಂದು ಮೃದುವಾಗಿ ಕೇಳಿದ.

"ಅವನ ಹೆಸರು ಸಿಗುತ್ತೆ," ಅಂದಳು ತೋಷಿ. "ನಿರ್ಮಲ್. ಮನೇಲಿ ನಿಕ್ಕು ಅಂತಿದ್ವಿ. ಕೆಳಗೆ ಬರೀರಿ. ಹೇಗೆ ಸತ್ತ ಅನ್ನೋದನ್ನೂ ಬರೀರಿ."

ನಂದಿತಾಳ ಮುಖ ಬಿಳಿಚಿತ್ತು. ಅವಳು ಹತ್ತಿರ ಬಂದು ತೋಷಿಯ ಕೈ ಹಿಡಿದಳು. ನಿಮಗೆ ಇಷ್ಟು ನೋವಾಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ, ಇವತ್ತೇ ಈ ಫೋಟೋ ಇಳಿಸಿಬಿಡುತ್ತೇವೆ ಎಂದಳು. ನಿಜವಾಗಿಯೂ ನೊಂದುಕೊಂಡೇ ಹೇಳಿದಳು.

ತೋಷಿ ಕೈ ಬಿಡಿಸಿಕೊಂಡಳು.

"ಇಳಿಸಬೇಡಿ. ನಾನು ಇಳಿಸಿ ಅಂದ್ನಾ? ಅವನು ಒಂದೇ ಒಂದು ಸಲ ನಕ್ಕಿದ್ದು ಅದು. ಅದು ನಿಜ. ಸುಳ್ಳು ಇರೋದು ಕೆಳಗೆ ನೀವು ಬರೆದಿದ್ರಲ್ಲಿ."

ಕಾರ್ಯಕ್ರಮ ಅಲ್ಲಿಗೇ ಮುಗಿಯಿತು. ಜನ ಟೀ ಕುಡಿಯದೆ ಹೋದರು. ಕಾವಲಿನವನು ತೋಷಿಯನ್ನು ಹಿಂಬಾಗಿಲಿನಿಂದ ಕಳಿಸಿದ. ಮೇಜಿನ ಮೇಲಿನ ಕಟ್ಟು ಮೇಜಿನ ಮೇಲೇ ಉಳಿಯಿತು. ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಕೊಡಲು ಯಾರ ಕೈಯೂ ಬರಲಿಲ್ಲ.

ಗುರ್ಮೇಜ್ ಗೇಟಿನ ಹೊರಗೆ ರಿಕ್ಷಾದಲ್ಲಿ ಕಾದಿದ್ದ. ಬರಿಗೈ ನೋಡಿದ. ದಾರಿಯಲ್ಲಿ ಒಮ್ಮೆ ರಿಕ್ಷಾ ನಿಲ್ಲಿಸಿ, ಇಳಿದು ಬಂದು, ಅವಳ ಶಾಲು ಸರಿಯಾಗಿ ಹೊದಿಸಿ ಹೋದ.

ಮುಂದಿನ ವಾರ ಛತ್ರದಲ್ಲಿ ಕೆಲಸವಿಲ್ಲದ ದಿನ ತೋಷಿ ಟಿಕೆಟ್ ಕೊಂಡು ಒಳಗೆ ಹೋದಳು. ಗೊಂಬೆ ದಾಟಿದಳು, ರೈಲು ದಾಟಿದಳು, ಒಲೆ ದಾಟಿದಳು. ಕೊನೆಯ ಹಾಲ್‌ನ ಗೋಡೆಗೆ ಹೊಸ ಬಣ್ಣ ಬಳಿದಿದ್ದರು. ನಡುವೆ ದೊಡ್ಡದೊಂದು ಗಾಳಿಪಟ ತೂಗುಹಾಕಿತ್ತು. ಕೆಳಗೆ ಅಕ್ಷರಗಳೂ ಬದಲಾಗಿದ್ದವು. ಫೋಟೋ ಎಲ್ಲಿ ಎಂದು ಕೇಳಿದಳು. ಕಾವಲಿನವನು ಬಸ್ತಿಯ ಪಕ್ಕದ ಗಲ್ಲಿಯವನು. ಕಂಪನಿಯ ಹೊಸ ಗೋದಾಮಿಗೆ ಹಾಕಿದ್ದಾರೆ, ಮೇಲಿನವರು ಹೇಳಿದ್ದು, ನನ್ನ ಕೇಳಬೇಡ ಎಂದು ತಲೆ ತಗ್ಗಿಸಿದ.

ಇಳಿಸಬೇಡಿ ಎಂದದ್ದನ್ನು ಕೇಳಿಸಿಕೊಂಡೂ ಇಳಿಸಿದ್ದರು. ನಿಕ್ಕುವನ್ನು ಒಮ್ಮೆ ಕಳೆದುಕೊಂಡಿದ್ದಳು. ಈಗ ಎರಡನೆಯ ಸಲ. ತೋಷಿ ಗೋಡೆಯ ಮೇಲೆ ಅಂಗೈ ಇಟ್ಟಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಅಂಟಿತು.

ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳು ಒಳಗೆ ನುಗ್ಗಿದರು. ಗಾಳಿಪಟ ನೋಡಿ ಕೇಕೆ ಹಾಕಿದರು. ತೋಷಿ ತಿರುಗಿ ನಿಂತಳು.

"ಇಲ್ಲಿ ಒಬ್ಬ ಹುಡುಗ ಇದ್ದ," ಅಂದಳು. "ನಿಮ್ಮಷ್ಟೇ ದೊಡ್ಡವನು."

ಮಕ್ಕಳು ನಿಂತರು. ಕೆಲವರು ಕೂತರು. ತೋಷಿ ಹೇಳಿದಳು. ಸೂಜಿಯಿಂದ ಶುರುಮಾಡಿ ಹೇಳಿದಳು. ಟೀಚರ್ ಮೊದಲು ಕೈಗಡಿಯಾರ ನೋಡಿದಳು, ಆಮೇಲೆ ನೋಡಲಿಲ್ಲ. ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿದಳು.

"ಅವನು ಹುಲ್ಲಿನ ಮೇಲೆ ಒದ್ದನಲ್ಲ, ಆ ಚೆಂಡು ಏನಾಯ್ತು?"

ತೋಷಿ ಅದನ್ನು ಯಾವತ್ತೂ ಯೋಚಿಸಿರಲಿಲ್ಲ.

"ಬೇರೆ ದೇಶಕ್ಕೆ ಹೋಯ್ತು, ಪುತ್ತರ್. ಅಲ್ಲಿ ಯಾವುದೋ ಮಗು ಆಡಿರುತ್ತೆ. ಹರಿಯೋವರೆಗೂ ಆಡಿರುತ್ತೆ."

"ಆ ಮಗುಗೆ ನಿಕ್ಕು ಗೊತ್ತಿತ್ತಾ?"

"ಇಲ್ಲ."

ಕಾವಲಿನವನು ಬಂದು ಅವಳ ಪಕ್ಕ ನಿಂತ. ಆಫೀಸಿನಿಂದ ಹೇಳಿಕಳಿಸಿದ್ದಾರೆ, ಇಲ್ಲಿ ಹೀಗೆಲ್ಲ ಮಾತಾಡುವ ಹಾಗಿಲ್ಲ, ಹೊರಗೆ ಬಾ ಅಕ್ಕಾ, ನನ್ನ ಕೆಲಸ ಹೋಗುತ್ತೆ ಎಂದು ಮೆಲ್ಲಗೆ ಬೇಡಿಕೊಂಡ. ಅವನ ಮಾತೂ ನಿಜ. ತೋಷಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಆದರೆ ಬಾಗಿಲಲ್ಲಿ ಇನ್ನೊಂದು ಶಾಲೆಯ ಮಕ್ಕಳು ಚಪ್ಪಲಿ ಬಿಡುತ್ತಿದ್ದರು.

ಅವಳು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಬೆನ್ನಿಗೆ ಹಸಿ ಬಣ್ಣ ಹತ್ತಿತು. ಹತ್ತಲಿ ಎಂದು ಬಿಟ್ಟಳು.